ಮನೆಗಿಡಗಳನ್ನು ಊರಿನ ನರ್ಸರಿಯಲ್ಲೇ ಕೊಳ್ಳೋಣ

ಮಾನ್ಯ ಸಂಪಾದಕರೇ,

ಆನ್‌ಲೈನ್‌ನಲ್ಲಿ ತರಿಸಿದ ಗಿಡವೊಂದು ನಾಲ್ಕು ದಿನ ಪೆಟ್ಟಿಗೆಯೊಳಗಿದ್ದು, ಕಾಂಡ ಕೊಳೆತು ಮನೆ ತಲುಪಿದ ಮೇಲೆ, ತುಮಕೂರಿನವರೇ ನಡೆಸುವ ನರ್ಸರಿಗಳಿಗೆ ಹೋಗುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಅಲ್ಲಿ ಕುಂಡವನ್ನೆತ್ತಿ ಬೇರು ನೋಡಬಹುದು, ಎಲೆಯಡಿಯಲ್ಲಿ ಹಿಟ್ಟುತಿಗಣೆ ಇದೆಯೇ ಎಂದು ಪರೀಕ್ಷಿಸಬಹುದು.

ಹೊಸಬರಿಗೆ ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುವ ಸ್ನೇಕ್ ಪ್ಲಾಂಟ್, ಗೆಡ್ಡೆಯಲ್ಲಿ ಕೂಡಿಡುವ ಝಡ್‌ಝಡ್ ಪ್ಲಾಂಟ್, ಗೆಣ್ಣಿರುವ ತುಂಡಿನಿಂದಲೇ ಚಿಗುರುವ ಮನಿ ಪ್ಲಾಂಟ್ ಸಾಕು (ಹಣ ತರುತ್ತದೆಂಬ ನಂಬಿಕೆಗೆ ನಾನು ಹೊಣೆಯಲ್ಲ). ಇವು ಸಾಯುವುದು ಹೆಚ್ಚಾಗಿ ಬಾಯಾರಿಕೆಯಿಂದಲ್ಲ, ನಮ್ಮ ಅತಿ ಅಕ್ಕರೆಯ ನೀರಿನಿಂದ. ತೆಂಗಿನ ಸೀಮೆಯಾದ ತಿಪಟೂರಿನ ಕಡೆ ಸಿಗುವ ನಾರಿನ ಪುಡಿ ಕುಂಡಕ್ಕೆ ಒಳ್ಳೆಯದೇ ಆದರೂ, ಮೇಲೆ ಒಣಗಿದಂತೆ ಕಂಡು ಒಳಗೆ ತೇವ ಹಿಡಿದಿಟ್ಟುಕೊಳ್ಳುವುದರಿಂದ, 2 ಅಂಗುಲ ಆಳಕ್ಕೆ ಬೆರಳಿಳಿಸಿ ನೋಡಿಯೇ ನೀರೆರೆಯಬೇಕು. ಈ ಮಾತನ್ನು ನನಗೆ ಹೇಳಿದ್ದು ನರ್ಸರಿಯ ಮಾಲಿಯೇ ಹೊರತು ಮೊಬೈಲ್ ಆ್ಯಪ್ ಅಲ್ಲ.

ನರ್ಸರಿಯವರಲ್ಲೂ ಒಂದು ಕೋರಿಕೆಯಿದೆ. ಮನಿ ಪ್ಲಾಂಟ್, ಝಡ್‌ಝಡ್‌ಗಳ ಎಲೆ ಅಗಿದರೆ ಬಾಯಿ ಉರಿಯುವುದರಿಂದ, ಪುಟ್ಟ ಮಕ್ಕಳು ಮತ್ತು ಬೆಕ್ಕು, ನಾಯಿಗಳಿರುವ ಮನೆಯವರಿಗೆ ಅದನ್ನು ತಿಳಿಸುವ ಕನ್ನಡದ ಚೀಟಿಯೊಂದನ್ನು ಕುಂಡಕ್ಕೆ ಕಟ್ಟಿ ಮಾರಲಿ.

– ಓದುಗ, ತುಮಕೂರು