ಮಗುಚಿದ್ದಷ್ಟೇ ಅಲ್ಲ, ಮಗುಚಿದ ಕಾರಣವೂ ಸುದ್ದಿಯೇ

ಮಾನ್ಯರೆ,

ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಂಡ ಲಘು ವಿಮಾನವೊಂದು ವಿದೇಶದಲ್ಲೆಲ್ಲೋ ಇಳಿಯುವಾಗ ಮಗುಚಿದರೆ, ನಮ್ಮ ಪತ್ರಿಕೆಗಳಲ್ಲಿ ಅದರ ಚಿತ್ರವೂ ಸ್ವಲ್ಪ ಲೇವಡಿಯ ಶೀರ್ಷಿಕೆಯೂ ಬರುತ್ತವೆ. ಏಕೆ ಮಗುಚಿತೆಂಬುದು ಮಾತ್ರ ಬರುವುದಿಲ್ಲ.

ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ ವಿಮಾನಗಳನ್ನೇ ನೋಡಿ. ಬಿಡಿಭಾಗಗಳ ಕಿಟ್ ತರಿಸಿ, ಗ್ಯಾರೇಜಿನಲ್ಲಿ ರಿವೆಟ್ ಹೊಡೆದು ಜನರೇ ಕಟ್ಟಿಕೊಂಡ ಇಂಥ ವಿಮಾನಗಳು ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಇವುಗಳ 6ಎ, 7ಎ, 9ಎ ಮಾದರಿಗಳಲ್ಲಿ ಮೂತಿಯ ಚಕ್ರವನ್ನು ಹಿಡಿದಿರುವುದು ಒಂಟಿ ಉಕ್ಕಿನ ಸರಳು. ವೇಗ ತಗ್ಗಿಸದೆ ಇಳಿಸಿದರೆ ವಿಮಾನ ಪುಟಿಯುತ್ತದೆ. ಮರಳಿ ಬೀಳುವಾಗ ಭಾರ ಮೂತಿಗೆ ಬಂದು, ಹುಲ್ಲಿನ ರನ್‌ವೇಯಲ್ಲಿ ಸಣ್ಣ ದಿಬ್ಬ ಸಿಕ್ಕರೂ ಚಕ್ರವನ್ನು ಹಿಡಿದ ಕವಲು (ಫೋರ್ಕ್) ಮಣ್ಣಿಗೆ ನಾಟಿ, ಸರಳು ಹಿಂದಕ್ಕೆ ಮಡಚಿ, ವಿಮಾನ ಲಾಗ ಹೊಡೆಯುತ್ತದೆ. ಪೈಲಟ್ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರೆ ಮೇಲಿನ ಪಾರದರ್ಶಕ ಮುಚ್ಚಳ ನೆಲಕ್ಕೆ ಒತ್ತಿಕೊಂಡು ತೆರೆಯದು. ರೆಕ್ಕೆಯ ಟ್ಯಾಂಕಿನಿಂದ ಪೆಟ್ರೋಲ್ ಸೋರಲೂಬಹುದು. ಬಲ್ಲವರು ಮುಚ್ಚಳ ಒಡೆಯಲೆಂದೇ ಕೈಗೆಟಕುವಲ್ಲಿ ಸುತ್ತಿಗೆಯಂಥದ್ದೊಂದನ್ನು ಇಟ್ಟುಕೊಂಡಿರುತ್ತಾರೆ.

ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಇಂಥ ಹಲವು ಅವಘಡಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದಾಗ, ಸರಳಿನ ಬಲಕ್ಕಿಂತ ಫೋರ್ಕಿಗೂ ನೆಲಕ್ಕೂ ನಡುವಿನ ಅಂತರ ಮುಖ್ಯವೆಂದು ಕಂಡುಬಂತು. ಕಂಪನಿಯೂ ಆ ಅಂತರ ಹೆಚ್ಚಿಸುವ ಹೊಸ ಫೋರ್ಕ್ ತಂದಿತು. ಕಟ್ಟಿದವನ ಹುಚ್ಚು ಸಾಹಸವೆಂದು ಕೈತೊಳೆದುಕೊಂಡಿದ್ದರೆ ಈ ಅಂತರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಮಗೂ ಇದು ತೀರ ಹೊರಗಿನ ವಿಷಯವಲ್ಲ. ಬೆಂಗಳೂರಿನ ಎನ್‌ಎಎಲ್ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) 1980ರ ದಶಕದಲ್ಲಿ ಹಾರಿಸಿದ ಲಘು ಕೆನಾರ್ಡ್ (ಮೂತಿಯ ಬಳಿ ಪುಟ್ಟ ರೆಕ್ಕೆಯಿರುವ) ಸಂಶೋಧನಾ ವಿಮಾನಕ್ಕೆ ಆಧಾರವಾಗಿದ್ದುದು ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಜೀ ವಿಮಾನ. ಮುಂಬೈಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಕಟ್ಟಿದ ವಿಮಾನ 2016ರಲ್ಲಿ ಪ್ರದರ್ಶನಗೊಂಡಾಗ ಮೊದಲ ಪುಟಗಳಲ್ಲಿ ಮಿಂಚಿದ್ದು ಓದುಗರಿಗೆ ನೆನಪಿರಬಹುದು.

ತನಿಖಾ ವರದಿ ಬರುವ ಹೊತ್ತಿಗೆ ಸುದ್ದಿ ಹಳಸಿರುತ್ತದೆಂಬುದು ನನಗೂ ಗೊತ್ತು. ಆದರೆ ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಸಂಸ್ಥೆ, ಯಾರಿಗೂ ಗಾಯವಾಗದ ಇಂಥ ಪಲ್ಟಿಗಳನ್ನೂ ಪೈಲಟ್ ಕೊಟ್ಟ ಹೇಳಿಕೆಯ ಸಮೇತ ತನ್ನ ಮಾಸಿಕ ಬುಲೆಟಿನ್‌ನಲ್ಲಿ ಪ್ರಕಟಿಸುತ್ತದೆ. ಮಗುಚಿದ ಚಿತ್ರ ಅಚ್ಚಾದ ಪತ್ರಿಕೆಯಲ್ಲೇ, ವರದಿ ಬಂದ ಮೇಲೆ, ಒಳಪುಟದಲ್ಲಾದರೂ ನಾಲ್ಕು ಸಾಲು ಕಾರಣ ಅಚ್ಚಾಗಲಿ ಎಂಬುದು ನನ್ನ ವಿನಂತಿ.

– ಓದುಗ, ಜಕ್ಕೂರು, ಬೆಂಗಳೂರು