ಶುಐಬಾ ಮುಚ್ಚಿದ ಮೇಲೆ ನನ್ನ ಕೈ ಹಿಡಿದವರಿಗೆ

ಮೊನ್ನೆ ಮಂಗಳವಾರ ಮನೆ ಸಾಲದ ಕೊನೇ ಕಂತು ಕಟ್ಟಿದೆ. ಬ್ಯಾಂಕಿನಿಂದ ಪತ್ರಗಳನ್ನು ತಗೊಂಡು ಹೊರಗೆ ಬಂದವನು ಸ್ಕೂಟರ್ ಮೇಲೆ ಸುಮ್ನೆ ಕೂತುಬಿಟ್ಟೆ. ಒಬ್ಬೊಬ್ಬರೇ ನೆನಪಾದರು. ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಕುವೈತ್‌ನ ಶುಐಬಾ ರಿಫೈನರಿಯಲ್ಲಿ, ಅಂದರೆ ಕಚ್ಚಾ ತೈಲ ಶುದ್ಧ ಮಾಡುವ ಕಾರ್ಖಾನೆಯಲ್ಲಿ, ಹನ್ನೊಂದು ವರ್ಷ ಗುತ್ತಿಗೆ ಕೆಲಸದ ಪೈಪ್ ಫಿಟ್ಟರ್ ಆಗಿದ್ದೆ. ಕುವೈತ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್, ಸಮುದ್ರದ ಮಗ್ಗುಲಲ್ಲೇ. 1968ರಲ್ಲಿ ಶುರುವಾದದ್ದು. ಪೂರ್ತಿ ಹೈಡ್ರೋಜನ್ ನಂಬಿಕೊಂಡು ಕಟ್ಟಿದ ರಿಫೈನರಿ ಪ್ರಪಂಚದಲ್ಲೇ ಅದು ಮೊದಲನೆಯದು. ಕಚ್ಚಾ ತೈಲದಲ್ಲಿ ಗಂಧಕ ಜಾಸ್ತಿ ಅಲ್ವಾ, ಅದನ್ನು ಭಾರೀ ಕಾವಿನಲ್ಲಿ, ಒತ್ತಡದಲ್ಲಿ ಹೈಡ್ರೋಜನ್ ಜೊತೆ ಹಾಯಿಸಿದರೆ ಗಂಧಕ ಬಿಟ್ಟುಕೊಳ್ಳುತ್ತೆ. ಗಟ್ಟಿ ಎಣ್ಣೆಯೂ ಒಡೆದು ಡೀಸೆಲ್ ಆಗುತ್ತೆ. ದಿನಕ್ಕೆ ಸುಮಾರು 2 ಲಕ್ಷ ಬ್ಯಾರೆಲ್ ಅರಗಿಸಿಕೊಳ್ಳುವ ಜಾಗ. 1990ರಲ್ಲಿ ಇರಾಕ್ ನುಗ್ಗಿದಾಗ ಏಟು ತಿಂದು ಮತ್ತೆ ಎದ್ದು ನಿಂತಿತ್ತು.

ಅಲ್ಲಿ ನನಗೆ ಕೆಲಸ ಕಲಿಸಿದ್ದು ಕೇರಳದ ಕೊಲ್ಲಂ ಕಡೆಯ ಒಬ್ಬ ಚೇಟ್ಟ, ಮಲಯಾಳದಲ್ಲಿ ಅಣ್ಣ ಅಂತ. ಎರಡು ಪೈಪುಗಳ ತುದಿ ಸೇರಿಸುವ ಬಳೆಯಂಥ ಫ್ಲ್ಯಾಂಜ್ ಬೋಲ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯಬಾರದು ಎಂದು ಮೊದಲ ದಿನವೇ ಹೇಳಿದರು. ಒಂದು ಬಿಗಿದರೆ ಅದರ ಎದುರಿನದು, ಆಮೇಲೆ ಪಕ್ಕದ್ದು, ಮತ್ತೆ ಅದರ ಎದುರಿನದು. ಒಂದೇ ಸಲಕ್ಕೆ ಪೂರ್ತಿ ಅಲ್ಲ, ಸ್ವಲ್ಪ ಸ್ವಲ್ಪವೇ. ಇಲ್ಲದಿದ್ದರೆ ಸೋರದಂತೆ ನಡುವೆ ಇಡುವ ಬಿಲ್ಲೆ, ಗ್ಯಾಸ್ಕೆಟ್, ಒಂದು ಕಡೆ ನಲುಗಿ ಸೋರುತ್ತೆ. ಹೈಡ್ರೋಜನ್‌ಗೆ ಹತ್ತಿದ ಬೆಂಕಿ ಹಗಲಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. "ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ" ಎಂದು ಅವರು ನನ್ನ ಕೈ ಮೇಲೆ ಕೈಯಿಟ್ಟು ಸ್ಪ್ಯಾನರ್ ತಿರುಗಿಸಿದ್ದು ಇನ್ನೂ ನೆನಪಿದೆ.

2017ರಲ್ಲಿ ಶುಐಬಾ ಮುಚ್ಚಿದರು. ಹಳೆಯದಾಗಿತ್ತು. ಪಕ್ಕದ ಮೀನಾ ಅಬ್ದುಲ್ಲಾ ಮತ್ತು ಮೀನಾ ಅಲ್ ಅಹ್ಮದಿ ರಿಫೈನರಿಗಳನ್ನು ದೊಡ್ಡದು ಮಾಡಿ, ಇನ್ನೂ ಶುದ್ಧವಾದ ಇಂಧನ ತಯಾರಿಸುವ ಯೋಜನೆ ನಡೆದಿತ್ತು. ಇದು ಮುಚ್ಚುತ್ತೆ ಅಂತ ಮುಂಚೆಯೇ ಗೊತ್ತಿತ್ತು. ಗೊತ್ತಿದ್ದರೂ, ಆ ಯಂತ್ರಗಳ ಸದ್ದು ನಿಂತ ದಿನ ಎದೆ ಝಲ್ ಅಂದಿತು. ನಾನು ಮೂರು ವರ್ಷದ ಹಿಂದಷ್ಟೇ ಮನೆ ಸಾಲ ಮಾಡಿದ್ದೆ.

ಮಂಡ್ಯಕ್ಕೆ ವಾಪಸ್ ಬಂದೆ. ಕಾರ್ಖಾನೆ ನಿಂತರೆ ಏನಾಗುತ್ತೆ ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1933ರಿಂದ ಇದ್ದ ಮೈಷುಗರ್ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತದ್ದನ್ನು ನೋಡಿದವರು ಇವರು. ಅದಕ್ಕೇ ಇರಬೇಕು, ಯಾರೂ ನನ್ನನ್ನು "ಮುಂದೇನಪ್ಪಾ?" ಎಂದು ಕೇಳಿ ನೋಯಿಸಲಿಲ್ಲ.

ಅಕ್ಕ, ಭಾವ, ನಿಮ್ಮ ಋಣ ಹೇಗೆ ತೀರಿಸಲಿ? ಆ ವರ್ಷ ಕಬ್ಬಿನ ಬಿಲ್ ಬಂದ ದಿನವೇ ಭಾವ ನಮ್ಮ ಮನೆಗೆ ಬಂದರು. ಕಾಫಿ ಕುಡಿದರು, ಮಳೆ ಬಗ್ಗೆ ಮಾತಾಡಿದರು, ಹೋದರು. ಅವರು ಹೋದ ಮೇಲೆ ಅವ್ವ ಅಕ್ಕಿ ಡಬ್ಬದ ಕೆಳಗಿದ್ದ ಕವರ್ ತೋರಿಸಿದಳು. ಆರು ತಿಂಗಳ ಕಂತು ಅದರಲ್ಲಿತ್ತು. ಆಮೇಲೆ ನಾನು ವಾಪಸ್ ಕೊಡುವವರೆಗೂ ಒಂದು ದಿನ ಅದರ ಮಾತೆತ್ತಲಿಲ್ಲ.

ರೈಸ್ ಮಿಲ್ಲಿನ ಅಣ್ಣ, ಬಾಯ್ಲರ್ ಪೈಪಿನ ಮೊದಲ ಕೆಲಸ ನನಗೆ ಕೊಟ್ಟಿರಿ, ಶೆಡ್ಡಿಗೂ ಒಂದು ವರ್ಷ ಬಾಡಿಗೆ ಕೇಳಲಿಲ್ಲ. ನಿಮ್ಮಿಂದಲೇ ಇವತ್ತು ನನ್ನ ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಹುಡುಗರಿದ್ದಾರೆ. ಅವರಿಗೂ ಮೊದಲ ಪಾಠ ಅದೇ, ಎದುರು ಬದುರು ಬೋಲ್ಟ್.

ನನ್ನ ಹೆಂಡತಿಗೆ ಏನು ಹೇಳಲಿ? ಹನ್ನೊಂದು ವರ್ಷ ಒಬ್ಬಳೇ ಮನೆ ನೋಡಿಕೊಂಡಳು. ಬಂದ ಮೇಲೆ ರಾತ್ರಿ ನಿದ್ದೆ ಬರದೆ ಕೂತವನ ಜೊತೆ ತಾನೂ ಕೂತಳು. ನಿನಗೆ ಕೈ ಮುಗಿಯುತ್ತೇನೆ ಕಣೆ.

ಬರುವ ಭಾನುವಾರ ಎಲ್ಲರೂ ಮನೆಗೆ ಊಟಕ್ಕೆ ಬನ್ನಿ. ಮುದ್ದೆ, ನಾಟಿಕೋಳಿ ಸಾರು. ಚೇಟ್ಟನಿಗೆ ಕನ್ನಡ ಓದಲು ಬರುವುದಿಲ್ಲ. ಇವತ್ತು ರಾತ್ರಿ ಫೋನ್ ಮಾಡಿ, ನನಗೆ ಬರುವಷ್ಟು ಮಲಯಾಳದಲ್ಲಿ ಇದನ್ನೆಲ್ಲ ಅವರಿಗೆ ಹೇಳುತ್ತೇನೆ.