ಡಿಯಾಗೊ ಗಾರ್ಸಿಯಾದಲ್ಲಿ ಊರೂ ಇತ್ತು

ಸಂಪಾದಕರೇ,

ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪ ಅಂದ ಕೂಡಲೇ ಸುದ್ದಿಯಲ್ಲಿ ಬರುವುದು ಅಮೆರಿಕದ ಬಾಂಬರ್ ವಿಮಾನಗಳು, ಉದ್ದನೆಯ ರನ್‌ವೇ. ಅಲ್ಲಿ ಊರೂ ಇತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಮಾಲ್ಡೀವ್ಸ್‌ನ ದಕ್ಷಿಣಕ್ಕಿರುವ ಚಾಗೋಸ್ ದ್ವೀಪಗಳಲ್ಲಿ ಇದೂ ಒಂದು. ಆ ದ್ವೀಪಗಳ ತುಂಬ ತೆಂಗಿನ ತೋಟಗಳಿದ್ದವು. ಆಫ್ರಿಕಾದಿಂದ ಗುಲಾಮರಾಗಿ ಬಂದವರ, ಭಾರತದಿಂದ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಕೊಬ್ಬರಿ ಮಾಡಿಕೊಂಡು ಬದುಕಿದ್ದರು. 1965ರಲ್ಲಿ ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಬೇರೆ ಮಾಡಿತು. ಅಮೆರಿಕದ ಸೇನಾ ನೆಲೆಗೆ ಜಾಗ ಬೇಕಿತ್ತು, ಅಷ್ಟೇ. 1973ರ ಹೊತ್ತಿಗೆ ಎಲ್ಲರನ್ನೂ ಹಡಗು ಹತ್ತಿಸಿ ಮಾರಿಷಸ್, ಸೇಷೆಲ್ಸ್‌ಗೆ ಸಾಗಿಸಿದ್ದಾಯ್ತು. ಅವರು ಸಾಕಿದ ನಾಯಿಗಳನ್ನು ಕೊಬ್ಬರಿ ಒಣಗಿಸುವ ಶೆಡ್ಡಿಗೆ ತುಂಬಿ, ವಾಹನಗಳ ಹೊಗೆ ಬಿಟ್ಟು ಕೊಂದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಬ್ರಿಟನ್ ಆಡಳಿತ ಆದಷ್ಟು ಬೇಗ ಮುಗಿಯಬೇಕು ಎಂದು 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಬ್ರಿಟನ್–ಮಾರಿಷಸ್ ಒಪ್ಪಂದಕ್ಕೆ ಸಹಿಯೂ ಬಿತ್ತು. ಒಡೆತನ ಮಾರಿಷಸ್‌ಗೆ, ಡಿಯಾಗೊ ಗಾರ್ಸಿಯಾ ಮಾತ್ರ 99 ವರ್ಷ ಸೇನಾ ನೆಲೆಗೇ! ಬೇರೆ ದ್ವೀಪಗಳಲ್ಲಿ ಜನ ಮನೆ ಮಾಡಬಹುದಂತೆ. ಡಿಯಾಗೊ ಗಾರ್ಸಿಯಾದಲ್ಲಿ ಹುಟ್ಟಿದವರು ಮಾತ್ರ ತಮ್ಮ ಊರಿಗೆ ಮರಳಿ ನೆಲೆಸುವಂತಿಲ್ಲ. ಅಂದು ಕೈಗೂಸಾಗಿ ಹಡಗು ಹತ್ತಿದವರಿಗೂ ಈಗ ಐವತ್ತು ದಾಟಿದೆ. ಆ ಮಾತುಕತೆಯಲ್ಲಿ ಅವರನ್ನು ಕೂರಿಸಿಕೊಳ್ಳಲೇ ಇಲ್ಲ. ಇದು ಅನ್ಯಾಯ ಅಲ್ವಾ?

ಈ ದ್ವೀಪದ ಸುದ್ದಿ ಮುಂದೆ ಬಂದಾಗ ವಿಮಾನಗಳ ಲೆಕ್ಕದ ಜೊತೆ ಈ ಜನರ ಮಾತನ್ನೂ ನಾಲ್ಕು ಸಾಲು ಹಾಕಿ.

– ಓದುಗ, ಉಡುಪಿ